ಒಂದರಿಂದ ಮೂರನೇ ಕ್ಲಾಸ್ ಒಳಗೆ ಮಕ್ಕಳಿಗೆ ಓದು, ಲೆಕ್ಕ ಬರಬೇಕಂದ್ರೆ ಇಲಾಖೆ, ಸಂಸ್ಥೆ, ಶಾಲೆ ಸೇರಿ ಹೇಗೆ ಕೆಲಸ ಮಾಡ್ಬೇಕು

ಚಿಕ್ಕ ಕ್ಲಾಸ್ ಮಕ್ಕಳಿಗೆ ಓದು ಲೆಕ್ಕ ಕಲಿಸೋ ಕಾರ್ಯಕ್ರಮ ಶುರು ಮಾಡ್ಬೇಕು ಅಂತಿರೋರಿಗೆ ಇದು. ನೀವು ಶಿಕ್ಷಣ ಇಲಾಖೆಯೋರಿರಬಹುದು, ಎನ್‌ಜಿಒದಲ್ಲಿ ಕೆಲಸ ಮಾಡ್ತಿರಬಹುದು, ದುಡ್ಡು ಕೊಡೋ ಫೌಂಡೇಶನ್ ಕಡೆಯೋರಿರಬಹುದು. ಮೂರೂ ಕಡೆಯೋರು ಮೀಟಿಂಗಲ್ಲಿ ಕೂತ್ರೆ ಮಾತು ಶುರುವಾಗೋದೇ ಎಷ್ಟು ಶಾಲೆ, ಎಷ್ಟು ಬಜೆಟ್, ಯಾವ ಆ್ಯಪ್ ಅಂತ. ಎರಡನೇ ಕ್ಲಾಸಲ್ಲಿ ಕೂತಿರೋ ಮಗುಗೆ ಸೋಮವಾರದ ಮೊದಲನೇ ಪೀರಿಯಡ್‌ನಲ್ಲಿ ಏನು ಬದಲಾಗತ್ತೆ ಅನ್ನೋ ಪ್ರಶ್ನೆ ಯಾರೂ ಎತ್ತಲ್ಲ. ಪಾಲಿಸಿ ಆಗ್ಲಿ ಪಾರ್ಟ್ನರ್‌ಶಿಪ್ ಆಗ್ಲಿ, ಅದಕ್ಕೆ ನೇರವಾಗಿ ಉತ್ತರ ಹೇಳೋಕೆ ಬರದಿದ್ರೆ ಇನ್ನೂ ಸಹಿ ಹಾಕೋ ಹೊತ್ತು ಬಂದಿಲ್ಲ ಅಂತಾನೇ ನನ್ನ ಅಭಿಪ್ರಾಯ.

ಸಮಸ್ಯೆ ಸಣ್ಣದಲ್ಲ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ವರ್ಷದ 100 ಮಕ್ಕಳಲ್ಲಿ ಸುಮಾರು 70 ಮಕ್ಕಳಿಗೆ ಒಂದು ಸರಳ ಕಥೆ ಓದಿ ಅರ್ಥ ಮಾಡ್ಕೊಳ್ಳೋಕೆ ಬರಲ್ಲ ಅಂತ ವಿಶ್ವಬ್ಯಾಂಕ್ 2022ರಲ್ಲಿ ಅಂದಾಜು ಮಾಡಿತ್ತು. ಕೋವಿಡ್‌ಗೆ ಮುಂಚೆ ಆ ಲೆಕ್ಕ 57 ಇತ್ತು. ಇವರಲ್ಲಿ ಬಹುಪಾಲು ಮಕ್ಕಳು ಶಾಲೆಗೆ ಹೋಗ್ತಿರೋರೇ, ಹಾಜರಿ ಪುಸ್ತಕದಲ್ಲಿ ಹೆಸರಿದೆ, ಪಾಸ್ ಆಗಿ ಮುಂದಿನ ಕ್ಲಾಸ್‌ಗೂ ಹೋಗ್ತಿದಾರೆ, ಆದ್ರೆ ಮೂರನೇ ಕ್ಲಾಸ್ ದಾಟೋ ಹೊತ್ತಿಗೆ ಓದೋಕೆ ಬರದಿದ್ರೆ ಆಮೇಲೆ ವಿಜ್ಞಾನ, ಸಮಾಜ, ಲೆಕ್ಕ ಯಾವ ಪುಸ್ತಕ ತೆಗೆದ್ರೂ ಆ ಮಗುಗೆ ಬಾಗಿಲು ಮುಚ್ಚಿದ ಹಾಗೇ.

ಮೊದಲು ಮಗು ಪಕ್ಕ ಕೂತ್ಕೊಂಡು ನೋಡಿ

ಯಾವ ಪ್ಲಾನ್ ಬರೆಯೋಕೂ ಮುಂಚೆ ಇದನ್ನ ಮಾಡಿ, ಮೇಲಿನ ಅಧಿಕಾರಿಗಳನ್ನೂ ಕರ್ಕೊಂಡು ಹೋಗಿ ಮಾಡ್ಸಿ. ಒಂದೊಂದೇ ಮಗುನ ಕೂರಿಸ್ಕೊಂಡು ಐದ್ಹತ್ತು ನಿಮಿಷ ಬಾಯಲ್ಲಿ ಓದ್ಸಿ, ಬಾಯಲ್ಲೇ ಲೆಕ್ಕ ಕೇಳಿ. ಬರೆಯೋ ಪರೀಕ್ಷೆ ಇಟ್ರೆ ಓದೋಕೆ ಬರದ ಮಗುಗೆ ಪ್ರಶ್ನೆನೇ ಓದೋಕಾಗಲ್ಲ, ಖಾಲಿ ಹಾಳೆ ಕೊಡತ್ತೆ, ನಿಮಗೆ ಸೊನ್ನೆ ಅಂತ ಗೊತ್ತಾಗತ್ತೆ ಅಷ್ಟೇ, ಎಲ್ಲಿ ಸಿಕ್ಕಾಕೊಂಡಿದೆ ಅಂತ ಗೊತ್ತಾಗಲ್ಲ.

ಭಾರತದಲ್ಲಿ ಪ್ರಥಮ್ ಸಂಸ್ಥೆ 2005ರಿಂದ ನಡೆಸ್ತಿರೋ ಅಸರ್ ಸಮೀಕ್ಷೆ ಇದೇ ಥರದ್ದು. ಅಕ್ಷರ, ಪದ, ಒಂದನೇ ಕ್ಲಾಸ್ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸ್ ಮಟ್ಟದ ಸಣ್ಣ ಕಥೆ, ಮಗು ಎಲ್ಲಿವರೆಗೆ ಬರತ್ತೋ ಅದೇ ಅದರ ಮಟ್ಟ. ಲೆಕ್ಕದಲ್ಲೂ ಹಾಗೇ, ಒಂದಂಕಿ ಸಂಖ್ಯೆ ಗುರುತಿಸೋದು, ಎರಡಂಕಿ ಗುರುತಿಸೋದು, ದಶಕ ತಗೊಂಡು ಕಳೆಯೋದು, ಭಾಗಿಸೋದು. ಊರಿನ ಯಾರು ಬೇಕಾದ್ರೂ ಸ್ವಲ್ಪ ಟ್ರೇನಿಂಗ್ ತಗೊಂಡು ಮಾಡ್ಬಹುದು, ಅದಕ್ಕೇ ಆಮೇಲೆ ಕೀನ್ಯಾ, ಟಾಂಜಾನಿಯಾ, ಉಗಾಂಡಾದಲ್ಲಿ ಉವೇಜೊ ಅಂತ ಇದೇ ಮಾದರಿ ಶುರುವಾಯ್ತು.

ಪಕ್ಕದಲ್ಲಿ ಕೂತಾಗ ಕಾಣೋದು ಯಾವ ರಿಪೋರ್ಟಲ್ಲೂ ಸಿಗಲ್ಲ. ಮಗು ಪಾಠಪುಸ್ತಕದ ಪಾಠನ ಗಡಗಡ ಓದತ್ತೆ, ಎಲ್ರೂ ಖುಷಿ ಪಡ್ತಾರೆ, ಬೆರಳು ನೋಡಿದ್ರೆ ಬೆರಳು ಎರಡನೇ ಸಾಲಲ್ಲಿದೆ, ಬಾಯಿ ನಾಲ್ಕನೇ ಸಾಲಲ್ಲಿದೆ. ಬಾಯಿಪಾಠ. ಅದೇ ಅಕ್ಷರಗಳನ್ನ ಇಟ್ಕೊಂಡು ನೀವೇ ಒಂದು ಹೊಸ ವಾಕ್ಯ ಬರೆದು "ನಾಯಿ ಮರದ ಕೆಳಗೆ ಮಲಗಿತ್ತು" ಅಂತ ಕೊಟ್ರೆ ನಾ, ಯಿ, ಮ, ರ ಅಂತ ಒಂದೊಂದೇ ಅಕ್ಷರ ಹೇಳಿ ಕೊನೆಗೆ ಬಂದಾಗ ಮೊದಲು ಏನು ಓದ್ದೆ ಅನ್ನೋದೇ ಮರೆತಿರತ್ತೆ. ಲೆಕ್ಕದಲ್ಲಿ 42ರಲ್ಲಿ 17 ಕಳಿ ಅಂದ್ರೆ 35 ಅಂತ ಬರೆಯೋ ಮಕ್ಕಳು ಎಷ್ಟೋ ಜನ ಸಿಗ್ತಾರೆ, ಯಾಕಂದ್ರೆ 4ರಲ್ಲಿ 1 ಹೋದ್ರೆ 3, ಇನ್ನೊಂದು ಕಡೆ 2ರಲ್ಲಿ 7 ಹೋಗಲ್ಲ ಅಂತ ತಿರುಗಿಸಿ 7ರಲ್ಲಿ 2 ಕಳೆದು 5. ಕಳೆಯೋದು ಬರಲ್ಲ ಅಂತಲ್ಲ, 42 ಅಂದ್ರೆ ನಾಲ್ಕು ಹತ್ತು ಎರಡು ಬಿಡಿ ಅನ್ನೋದೇ ಆ ಮಗುಗೆ ಕೂತಿಲ್ಲ. ಇಂಥ ಮಗುಗೆ ಇನ್ನೂ ನೂರು ಕಳೆಯೋ ಲೆಕ್ಕ ಕೊಟ್ರೆ ತಪ್ಪೇ ಗಟ್ಟಿಯಾಗತ್ತೆ, ಹತ್ತು ಹತ್ತು ಕಡ್ಡಿಯ ಕಟ್ಟು ಮಾಡಿ, ಒಂದು ಕಟ್ಟು ಬಿಡಿಸಿ ತೋರಿಸ್ಬೇಕು.

ಗುರಿ ಒಂದೇ ಇರ್ಲಿ, ಎಲ್ರಿಗೂ ಅರ್ಥ ಆಗೋ ಹಾಗಿರ್ಲಿ

ಗುಣಮಟ್ಟದ ಶಿಕ್ಷಣ, ಸರ್ವತೋಮುಖ ಬೆಳವಣಿಗೆ ಇವೆಲ್ಲ ಕೇಳೋಕೆ ಚೆನ್ನಾಗಿರತ್ತೆ, ಆದ್ರೆ ಒಬ್ಬ ಟೀಚರ್‌ಗೆ ನಾಳೆ ಏನು ಮಾಡ್ಬೇಕು ಅಂತ ಇದರಿಂದ ತಿಳಿಯಲ್ಲ. ಬ್ರೆಜಿಲ್‌ನ ಸೊಬ್ರಾಲ್ ಅನ್ನೋ ಊರು ಇದನ್ನ ಸರಿಯಾಗಿ ಹಿಡೀತು. ಸಿಯಾರಾ ಅನ್ನೋ ಬಡ ರಾಜ್ಯದ ಊರದು, 2005ರಲ್ಲಿ ದೇಶದ ಶಿಕ್ಷಣ ಸೂಚ್ಯಂಕದಲ್ಲಿ 1,366ನೇ ಸ್ಥಾನದಲ್ಲಿತ್ತು, 2017ರ ಹೊತ್ತಿಗೆ ಮೊದಲನೇ ಸ್ಥಾನಕ್ಕೆ ಬಂತು. ಎಲ್ಲಕ್ಕಿಂತ ಮೊದಲು ಚಿಕ್ಕ ಕ್ಲಾಸ್ ಮುಗಿಯೋದ್ರೊಳಗೆ ಪ್ರತಿ ಮಗುಗೂ ಓದೋಕೆ ಬರ್ಬೇಕು ಅನ್ನೋದನ್ನೇ ಗುರಿ ಮಾಡ್ಕೊಂಡ್ರು, ಅದಕ್ಕೆ ತಕ್ಕ ಹಾಗೆ ಮುಖ್ಯೋಪಾಧ್ಯಾಯರನ್ನ ರಾಜಕೀಯದೋರ ಶಿಫಾರಸ್ಸಿಂದ ಹಾಕೋದು ನಿಲ್ಲಿಸಿ ಅರ್ಹತೆ ನೋಡಿ ಹಾಕೋಕೆ ಶುರು ಮಾಡಿದ್ರು, ಮಕ್ಕಳನ್ನ ಆಗಾಗ ಒಬ್ಬೊಬ್ಬರನ್ನಾಗಿ ಓದಿಸಿ ನೋಡಿದ್ರು, ಮತ್ತೆ ಮುಖ್ಯವಾಗಿ ಸರ್ಕಾರ ಬದಲಾದ್ರೂ ಆ ಗುರಿ ಕೈಬಿಡ್ಲಿಲ್ಲ. ಭಾರತದಲ್ಲಿ 2021ರ ಜುಲೈನಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಕೂಡ ಇದೇ ದಾರಿ, ಮೂರನೇ ಕ್ಲಾಸ್ ಮುಗಿಸೋ ಪ್ರತಿ ಮಗುಗೂ ಓದು ಲೆಕ್ಕದ ಬುನಾದಿ ಸಿಗ್ಬೇಕು, ಅದಕ್ಕೆ ಗಡುವು 2026-27.

ಗುರಿಗೆ ಅಂಕಿ ಹಾಕೋವಾಗ ಒಂದು ಎಚ್ಚರಿಕೆ. ನಿಮಿಷಕ್ಕೆ ಇಷ್ಟು ಪದ ಓದ್ಬೇಕು ಅನ್ನೋ ಅಳತೆನ ಇಂಗ್ಲಿಷಿಂದ ಎತ್ಕೊಂಡು ಬೇರೆ ಭಾಷೆಗೆ ಹಾಕ್ಬೇಡಿ. ಕನ್ನಡದಂಥ ಭಾಷೆಯಲ್ಲಿ ಒಂದು ಪದಕ್ಕೇ ನಾಲ್ಕು ಪ್ರತ್ಯಯ ಅಂಟ್ಕೊಂಡಿರತ್ತೆ, ಇಂಗ್ಲಿಷಲ್ಲಿ ಮೂರು ಪದ ಆಗೋದು ಇಲ್ಲಿ ಒಂದೇ ಪದ. ಕನ್ನಡ ಓದೋಕೆ ಕಲಿಯೋ ಮಕ್ಕಳ ಮೇಲೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿದ್ರೆ ಕಾಗುಣಿತ ಒತ್ತಕ್ಷರ ಎಲ್ಲ ಸೇರಿ ಇಷ್ಟೊಂದು ಅಕ್ಷರ ಇರೋ ಲಿಪಿನ ಹಿಡಿತಕ್ಕೆ ತಗೊಳ್ಳೋದು ಇಪ್ಪತ್ತಾರು ಅಕ್ಷರದ ಭಾಷೆಗಿಂತ ನಿಧಾನ, ಮೂರು ನಾಲ್ಕನೇ ಕ್ಲಾಸ್‌ವರೆಗೂ ಅದು ನಡೀತಾನೇ ಇರತ್ತೆ. ಹಾಗಾಗಿ ನಿಮ್ಮ ಭಾಷೆಯಲ್ಲಿ ಓದಿ ಅರ್ಥ ಹೇಳೋ ಮಕ್ಕಳು ಎಷ್ಟು ವೇಗದಲ್ಲಿ ಓದ್ತಿದಾರೆ ಅಂತ ನೋಡಿ ಅಲ್ಲಿಂದ ಅಳತೆ ಕಟ್ಕೊಳ್ಳಿ.

ಯಾವುದಕ್ಕೆ ದುಡ್ಡು ಹಾಕ್ಬೇಕು, ಯಾವುದಕ್ಕೆ ಬೇಡ

ಇದು ಈಗಾಗ್ಲೇ ಸಾಕಷ್ಟು ಪರೀಕ್ಷೆ ಆಗಿರೋ ವಿಷಯ, ಹೊಸದಾಗಿ ಕಂಡುಹಿಡಿಯೋ ಅವಶ್ಯಕತೆ ಇಲ್ಲ. ಬರೀ ಸಾಮಾನು ಹಂಚಿದ್ರೆ ಕಲಿಕೆ ಬದಲಾಗಲ್ಲ. ಪೆರುವಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ರು, ಭಾಷೆ ಲೆಕ್ಕ ಎರಡರಲ್ಲೂ ಗುರುತಿಸೋ ಅಂಥ ಸುಧಾರಣೆ ಕಾಣ್ಲಿಲ್ಲ. ಇಂಡೋನೇಷ್ಯಾದಲ್ಲಿ ಟೀಚರ್‌ಗಳ ಸಂಬಳ ಹೆಚ್ಚುಕಮ್ಮಿ ಡಬಲ್ ಮಾಡಿದ್ರು, ಟೀಚರ್‌ಗಳಿಗೆ ಖುಷಿ ಆಯ್ತು, ಮಕ್ಕಳ ಕಲಿಕೆ ಇದ್ದಲ್ಲೇ ಇತ್ತು (ಒಳ್ಳೆ ಸಂಬಳ ಟೀಚರ್‌ಗಳ ಹಕ್ಕು, ಅದನ್ನ ಆ ಕಾರಣಕ್ಕೇ ಕೊಡ್ಬೇಕು, ಅದರಿಂದಾನೇ ಓದು ಬರತ್ತೆ ಅಂತ ಲೆಕ್ಕ ಹಾಕ್ಬಾರ್ದು). ಕೀನ್ಯಾದಲ್ಲಿ ಪಠ್ಯಪುಸ್ತಕ ಹಂಚಿದಾಗ ಅನುಕೂಲ ಆಗಿದ್ದು ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ, ಉಳಿದೋರಿಗೆ ಆ ಇಂಗ್ಲಿಷ್ ಪುಸ್ತಕ ಓದೋಕೇ ಬರ್ತಿರ್ಲಿಲ್ಲ.

ಎರಡು ದಾರಿ ಕೆಲಸ ಮಾಡಿವೆ. ಒಂದು, ಪಾಠ ಹಂತ ಹಂತವಾಗಿ ಕಟ್ಟಿಕೊಡೋದು, ಅಂದ್ರೆ ಟೀಚರ್ ಕೈಗೆ ದಿನದಿನದ ಪಾಠದ ಕೈಪಿಡಿ, ಪ್ರತಿ ಮಗುಗೂ ಅದಕ್ಕೆ ಹೊಂದೋ ಪುಸ್ತಕ, ಟ್ರೇನಿಂಗ್, ಕ್ಲಾಸ್‌ಗೇ ಬಂದು ನೋಡಿ ಸಹಾಯ ಮಾಡೋ ಒಬ್ಬರು, ಈ ನಾಲ್ಕೂ ಒಟ್ಟಿಗೆ. ಇನ್ನೊಂದು, ಕ್ಲಾಸ್ ಯಾವುದು ಅಂತ ನೋಡದೆ ಮಕ್ಕಳನ್ನ ಅವರ ಮಟ್ಟದ ಪ್ರಕಾರ ಗುಂಪು ಮಾಡಿ ದಿನಕ್ಕೆ ಒಂದೆರಡು ಗಂಟೆ ಕಲಿಸೋದು, ಪ್ರಥಮ್ ಬೆಳೆಸಿದ ಪದ್ಧತಿ, ಜಾಂಬಿಯಾದಲ್ಲಿ ಸರ್ಕಾರವೇ ಇದನ್ನ ತಗೊಂಡು ನಡೆಸ್ತು. ನನ್ನ ಸಲಹೆ ಏನಂದ್ರೆ ಒಂದು ಎರಡನೇ ಕ್ಲಾಸ್‌ಗೆ ಮೊದಲನೇ ದಾರಿ, ಮೂರನೇ ಕ್ಲಾಸಿಂದ ಮೇಲೆ ಆಗ್ಲೇ ಹಿಂದೆ ಬಿದ್ದಿರೋ ಮಕ್ಕಳಿಗೆ ಎರಡನೇ ದಾರಿ.

ಕೈಪಿಡಿ ಬಗ್ಗೆ ತುಂಬ ಜನ ಮೂಗು ಮುರೀತಾರೆ, ಟೀಚರ್‌ನ ಯಂತ್ರ ಮಾಡ್ತೀರಾ ಅಂತ. ಹಾಗೇನಿಲ್ಲ. ಕೀನ್ಯಾದಲ್ಲಿ 2011ರಿಂದ 2014ರವರೆಗೆ ನಡೆದ ಪ್ರಯೋಗದಲ್ಲಿ ಬರೀ ಟ್ರೇನಿಂಗ್, ಅದರ ಜೊತೆ ಪುಸ್ತಕ, ಅದರ ಜೊತೆ ಕೈಪಿಡಿ ಅಂತ ಬೇರೆ ಬೇರೆ ಮಾಡಿ ನೋಡಿದಾಗ ಕೈಪಿಡಿನೂ ಸೇರಿದ ಕಡೆನೇ ಹಾಕಿದ ದುಡ್ಡಿಗೆ ಹೆಚ್ಚು ಫಲ ಸಿಕ್ಕಿದ್ದು. ಆದ್ರೆ ಕೈಪಿಡಿ ತೆಳ್ಳಗಿರ್ಬೇಕು, ಒಂದು ಪಾಠ ಒಂದು ಪುಟ, ಟೀಚರ್ ಒಂದು ಕೈಯಲ್ಲಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಬೋರ್ಡ್ ಮೇಲೆ ಬರೆಯೋ ಹಾಗಿರ್ಬೇಕು.

ದುಡ್ಡು ಉಳಿಸೋಕೆ ಅಂತ ಕಾರ್ಯಕ್ರಮನ ಕತ್ತರಿಸೋಕೆ ಹೋಗೋರು ಉತ್ತರ ಉಗಾಂಡಾದಲ್ಲಿ ಏನಾಯ್ತು ಅಂತ ಒಂದ್ಸಲ ಓದ್ಕೊಳ್ಳಿ. ಅಲ್ಲಿ ಒಂದನೇ ಕ್ಲಾಸ್ ಮಕ್ಕಳಿಗೆ ಮನೆಮಾತಲ್ಲಿ ಓದು ಕಲಿಸೋ ಕಾರ್ಯಕ್ರಮ ತುಂಬಾ ದೊಡ್ಡ ಫಲ ಕೊಡ್ತು. ಅದನ್ನೇ ಅಗ್ಗ ಮಾಡೋಣ ಅಂತ ಸ್ಲೇಟ್ ತೆಗೆದ್ರು, ಗೋಡೆ ಗಡಿಯಾರ ತೆಗೆದ್ರು, ಸಂಸ್ಥೆಯೋರು ನೇರವಾಗಿ ಕೊಡ್ತಿದ್ದ ಟ್ರೇನಿಂಗ್‌ನ ಒಬ್ಬರಿಂದ ಒಬ್ಬರಿಗೆ ದಾಟಿಸೋ ಥರ ಮಾಡಿದ್ರು. ಓದಿನ ಲಾಭ ತುಂಬಾ ಇಳೀತು, ಬರವಣಿಗೆಯ ಕೆಲವು ಅಳತೆಗಳಲ್ಲಂತೂ ಮಕ್ಕಳು ಕಾರ್ಯಕ್ರಮವೇ ಇಲ್ಲದ ಶಾಲೆಗಳಿಗಿಂತ ಹಿಂದೆ ಹೋದ್ರು. ಏನನ್ನಾದ್ರೂ ತೆಗೀಬೇಕು ಅಂದ್ರೆ ತೆಗೀರಿ, ಆದ್ರೆ ಕೆಲವು ಶಾಲೆಗಳಲ್ಲಿ ತೆಗೆದು ನೋಡಿ ಆಮೇಲೆ ಎಲ್ಲಾ ಕಡೆ ಮಾಡಿ.

ಭಾಷೆ ವಿಷಯ ಇಲ್ಲೇ ಹೇಳ್ಬಿಡ್ತೀನಿ. ಮಗು ಮನೇಲಿ ಆಡದೇ ಇರೋ ಭಾಷೆಯಲ್ಲಿ ಓದು ಶುರು ಮಾಡಿದ್ರೆ ಅಕ್ಷರ ಕೂಡಿಸಿ ಪದ ಹೇಳಿದ್ರೂ ಆ ಪದ ಅದರ ತಲೇಲಿ ಇಲ್ಲ, ಹಾಗಾಗಿ ಸರಿಯಾಗಿ ಓದಿದ್ನಾ ಇಲ್ವಾ ಅಂತ ಮಗುಗೆ ತಾನೇ ತಿಳ್ಕೊಳ್ಳೋ ದಾರಿನೇ ಇಲ್ಲ. ಎಲ್ಲಾ ಮನೆಮಾತಲ್ಲೂ ಪುಸ್ತಕ ತರೋಕಾಗದಿದ್ರೆ ಕಡೇಪಕ್ಷ ಟೀಚರ್ ಬಾಯಲ್ಲಿ ವಿವರಿಸೋದು, ಕಥೆ ಹೇಳೋದು, ಪ್ರಶ್ನೆ ಕೇಳೋದು ಮಗುವಿನ ಭಾಷೆಯಲ್ಲಿ ಇರ್ಲಿ, ಮತ್ತೆ ಅದಕ್ಕೆ ಪಾಲಿಸಿಯಲ್ಲೇ ಬರೆದು ಅನುಮತಿ ಕೊಡಿ, ಇಲ್ಲಾಂದ್ರೆ ತಪಾಸಣೆಗೆ ಬಂದೋರು ಬೈತಾರೆ ಅಂತ ಟೀಚರ್‌ಗಳು ಹೆದರ್ತಾರೆ.

ಮಧ್ಯದಲ್ಲಿರೋ ಅಧಿಕಾರಿನ ಬಿಟ್ರೆ ಎಲ್ಲಾ ಕಾಗದದ ಮೇಲೇ ಉಳಿಯತ್ತೆ

ರಾಜಧಾನೀಲಿ ಪಾಲಿಸಿ ಬರೀತಾರೆ, ಶಾಲೇಲಿ ಟೀಚರ್ ಪಾಠ ಮಾಡ್ತಾರೆ, ನಡುವೆ ಹತ್ತಿಪ್ಪತ್ತು ಶಾಲೆ ನೋಡ್ಕೊಳ್ಳೋ ಒಬ್ಬ ಅಧಿಕಾರಿ ಇರ್ತಾರೆ. ಎಲ್ಲಾ ದೇಶದಲ್ಲೂ ಇರ್ತಾರೆ, ಹೆಸರು ಬೇರೆ ಅಷ್ಟೇ. ಅವರ ದಿನ ಹೋಗೋದು ಸುತ್ತೋಲೆ ತಲುಪಿಸೋಕೆ, ಅಂಕಿಅಂಶ ತುಂಬಿಸೋಕೆ, ಮೀಟಿಂಗ್‌ಗೆ. ನೀವು ಒಂದೇ ಒಂದು ಕಡೆ ಶಕ್ತಿ ಹಾಕ್ಬೇಕು ಅಂದ್ರೆ ಇವರ ಮೇಲೆ ಹಾಕಿ.

ಇದಕ್ಕೆ ಹರಿಯಾಣಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸೋ ಪ್ರಥಮ್‌ನ ಪದ್ಧತಿನ ಬಿಹಾರ ಮತ್ತೆ ಉತ್ತರಾಖಂಡದಲ್ಲಿ ಸರ್ಕಾರಿ ಟೀಚರ್‌ಗಳಿಗೆ ಟ್ರೇನಿಂಗ್ ಕೊಟ್ಟು ಸಾಮಗ್ರಿ ಕೊಟ್ಟು ಬಿಟ್ಟಾಗ ಫಲ ಸಿಗ್ಲಿಲ್ಲ, ಯಾಕಂದ್ರೆ ಟೀಚರ್‌ಗಳು ವಾಪಸ್ ಹೋಗಿ ಪೋರ್ಷನ್ ಮುಗಿಸೋದರಲ್ಲಿ ಬಿದ್ರು. ಉತ್ತರಾಖಂಡದಲ್ಲಿ ಸ್ವಯಂಸೇವಕರನ್ನ ಶಾಲೆಯೊಳಗೆ ಕಳಿಸಿದ್ರೆ ಅವರನ್ನೂ ಮಾಮೂಲಿ ಟೀಚರ್ ಥರಾನೇ ಬಳಸ್ಕೊಂಡ್ರು. ಹರಿಯಾಣದಲ್ಲಿ 2012-13ರಲ್ಲಿ ಬೇರೆ ಥರ ಮಾಡಿದ್ರು. ಮಧ್ಯದ ಅಧಿಕಾರಿಗಳಿಗೇ ಮೊದಲು ಟ್ರೇನಿಂಗ್, ಅವರೇ ಹದಿನೈದಿಪ್ಪತ್ತು ದಿನ ಮಕ್ಕಳಿಗೆ ಆ ಪದ್ಧತಿಯಲ್ಲಿ ಪಾಠ ಮಾಡಿ ನೋಡಿದ್ರು, ಆಮೇಲೆ ಟೀಚರ್‌ಗಳಿಗೆ ಕಲಿಸಿದ್ರು, ಮತ್ತೆ ಶಾಲೆ ವೇಳಾಪಟ್ಟಿಯಲ್ಲೇ ಇದಕ್ಕೊಂದು ಗಂಟೆ ತೆಗೆದಿಟ್ರು. ಮಕ್ಕಳ ಓದು ಸುಧಾರಿಸ್ತು. ಲೆಕ್ಕದಲ್ಲಿ ಆ ಸಲ ಲಾಭ ಕಾಣ್ಲಿಲ್ಲ ಅನ್ನೋದನ್ನೂ ಮುಚ್ಚಿಡ್ಬಾರ್ದು.

ಕೀನ್ಯಾದಲ್ಲಿ ಚಿಕ್ಕ ಕ್ಲಾಸ್ ಮಕ್ಕಳಿಗೆ ಓದು ಕಲಿಸೋ ತುಸೋಮೆ ಕಾರ್ಯಕ್ರಮ 2015ರಲ್ಲಿ ಇಡೀ ದೇಶಕ್ಕೆ ಹೋದಾಗ ಹೊಸ ಕೋಚ್‌ಗಳ ಸೈನ್ಯ ಕಟ್ಟಲಿಲ್ಲ, ಇದ್ದ ಸರ್ಕಾರಿ ಅಧಿಕಾರಿಗಳಿಗೇ ಟ್ಯಾಬ್ಲೆಟ್ ಕೊಟ್ಟು, ಕ್ಲಾಸಲ್ಲಿ ಕೂತು ಪಾಠ ನೋಡಿ, ಕೊನೇಲಿ ಮೂರು ಮಕ್ಕಳನ್ನ ಓದಿಸಿ ಅದರಲ್ಲಿ ದಾಖಲು ಮಾಡೋ ಥರ ಮಾಡಿದ್ರು. ಓಡಾಟದ ಖರ್ಚನ್ನ ನಿಜವಾಗಿ ಮಾಡಿದ ಭೇಟಿಗೆ ಕಟ್ಟಿಹಾಕಿದ್ರು. ಸಣ್ಣ ವಿಷಯ ಅನ್ಸತ್ತೆ, ಆದ್ರೆ ಎಷ್ಟೋ ಕಡೆ ಭೇಟಿ ಆಗದೇ ಇರೋದು ಪೆಟ್ರೋಲ್‌ಗೆ ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ, ಆ ಬಾಬ್ತು ಬಜೆಟಲ್ಲಿ ಇರೋದೇ ಇಲ್ಲ.

ಭೇಟಿ ಹೇಗಿರ್ಬೇಕು ಅಂತನೂ ಹೇಳ್ಕೊಡ್ಬೇಕಾಗತ್ತೆ. ಕ್ಲಾಸ್‌ಗೆ ಹೋಗಿ ಹಿಂದೆ ಕೂತ್ಕೊಳ್ಳೋದು, ಮಧ್ಯ ಬಾಯಿ ಹಾಕ್ದೆ ಪೂರ್ತಿ ಪಾಠ ನೋಡೋದು, ಯಾವ ಮಕ್ಕಳು ಒಂದ್ಸಲನೂ ಬಾಯಿ ಬಿಡಲಿಲ್ಲ ಅಂತ ಗುರುತು ಮಾಡ್ಕೊಳ್ಳೋದು, ಪಾಠ ಆದ್ಮೇಲೆ ಅದೇ ಮಕ್ಕಳಲ್ಲಿ ಇಬ್ಬರು ಮೂವರನ್ನ ಕರ್ದು ಓದಿಸೋದು. ಟೀಚರ್ ಜೊತೆ ಮಾತಾಡೋವಾಗ ಹತ್ತು ತಪ್ಪು ಪಟ್ಟಿ ಮಾಡ್ಬೇಡಿ, ಒಂದೇ ಒಂದು ವಿಷಯ ತಗೊಳ್ಳಿ. "ಮೇಡಂ, ಕೊನೆ ಸಾಲಿನ ಆ ಮೂರು ಮಕ್ಕಳು ಎಲ್ರ ಜೊತೆ ಸೇರಿ ಹೇಳ್ತಾರೆ, ಒಬ್ಬೊಬ್ಬರನ್ನೇ ಕೇಳಿದ್ರೆ ಬರ್ತಿಲ್ಲ, ಮುಂದಿನ ವಾರ ಅವರನ್ನ ಮುಂದೆ ಕೂರಿಸ್ಕೊಂಡು ದಿನಾ ಒಂದೊಂದು ಸಾಲು ಓದಿಸೋಣ್ವಾ, ನಾನು ಬಂದಾಗ ಮತ್ತೆ ಕೇಳ್ತೀನಿ." ಬೇಕಿದ್ರೆ ಅಧಿಕಾರಿನೇ ಹತ್ತು ನಿಮಿಷ ಪಾಠ ಮಾಡಿ ತೋರಿಸ್ಲಿ. ಮುಂದಿನ ಸಲ ಬಂದಾಗ ಆ ಮೂರು ಮಕ್ಕಳನ್ನ ಹೆಸರು ಹಿಡಿದು ಕೇಳ್ಬೇಕು, ಅದು ಆಗದಿದ್ರೆ ಮೊದಲನೇ ಭೇಟಿಗೂ ಬೆಲೆ ಇಲ್ಲ.

ಒಡಂಬಡಿಕೆ ಬರೆಯೋವಾಗ

ಸಂಸ್ಥೆ ನಡೆಸಿದಾಗ ಕೆಲಸ ಮಾಡಿದ್ದು ಇಲಾಖೆ ನಡೆಸಿದಾಗಲೂ ಮಾಡತ್ತೆ ಅನ್ನೋ ನಂಬಿಕೆ ಬೇಡ. ಕೀನ್ಯಾದಲ್ಲೇ ಗುತ್ತಿಗೆ ಟೀಚರ್‌ಗಳನ್ನ ಹಾಕೋ ಯೋಜನೆ ಎನ್‌ಜಿಒ ನಡೆಸಿದ ಶಾಲೆಗಳಲ್ಲಿ ಮಕ್ಕಳ ಅಂಕ ಏರಿಸ್ತು, ಅದೇ ಯೋಜನೆ ಅದೇ ಹೊತ್ತಲ್ಲಿ ಸರ್ಕಾರ ನಡೆಸಿದ ಕಡೆ ಏನೂ ಆಗ್ಲಿಲ್ಲ, ಸಂಬಳ ತಡ, ಮೇಲ್ವಿಚಾರಣೆ ಕಮ್ಮಿ. ಅದಕ್ಕೇ ಪೈಲಟ್ ಮಾಡೋವಾಗಲೇ ಆಮೇಲೆ ಯಾರು ನಡೆಸ್ತಾರೋ ಅವರ ಕೈಯಲ್ಲೇ ಮಾಡಿಸಿ. ಸಂಸ್ಥೆಯ ಹುರುಪಿನ ಹುಡುಗರು ಐವತ್ತು ಶಾಲೇಲಿ ಮಾಡಿ ತೋರಿಸಿದ್ದು ಐದು ಸಾವಿರ ಶಾಲೆಗೆ ಸಾಕ್ಷಿ ಆಗಲ್ಲ.

ಕಾಗದದಲ್ಲಿ ಸ್ಪಷ್ಟವಾಗಿ ಬರೀಬೇಕಾಗಿರೋದು ಇಷ್ಟು: ಕೈಪಿಡಿ ಪುಸ್ತಕಗಳ ಹಕ್ಕು ಇಲಾಖೆಗೆ ಇರ್ಬೇಕು, ಮುಂದಿನ ವರ್ಷ ಅವರೇ ಪ್ರಿಂಟ್ ಮಾಡೋಕಾಗ್ಬೇಕು. ಡೇಟಾ ಇಲಾಖೆಯ ಸರ್ವರ್‌ನಲ್ಲಿರ್ಬೇಕು. ಈಗಾಗ್ಲೇ ಟೀಚರ್‌ಗಳು ತುಂಬ್ತಿರೋ ಯಾವ ರಿಜಿಸ್ಟರ್ ನಿಲ್ಲಿಸ್ತೀರಿ ಅಂತ ಹೆಸರು ಹಾಕಿ ಬರೀರಿ, ಹಳೇದು ತೆಗೀದೆ ಹೊಸದು ಸೇರಿಸಿದ್ರೆ ಪಾಠದ ಹೊತ್ತನ್ನೇ ಕದ್ದ ಹಾಗೆ. ಒಂದೇ ಜಿಲ್ಲೇಲಿ ಮೂರು ಸಂಸ್ಥೆ ಮೂರು ಪದ್ಧತಿ ಮೂರು ಪರೀಕ್ಷೆ ತಂದ್ರೆ ಟೀಚರ್ ಮೂರನ್ನೂ ಬಿಡ್ತಾರೆ, ಹಾಗಾಗಿ ಒಂದು ಕ್ಲಾಸ್‌ಗೆ ಒಂದೇ ಪದ್ಧತಿ ಅಂತ ಇಲಾಖೆ ಗಟ್ಟಿಯಾಗಿ ಹೇಳ್ಬೇಕು. ಅಧಿಕಾರಿ ವರ್ಗಾವಣೆ ಆಗೋದು ಖಂಡಿತ, ಅದಕ್ಕೆ ಕಡತ ಒಬ್ಬರ ತಲೇಲಿ ಇರ್ಬಾರ್ದು, ರಾಜಧಾನಿ, ಮಧ್ಯದ ಅಧಿಕಾರಿ, ಶಾಲೆ ಈ ಮೂರು ಹಂತದಲ್ಲೂ ಕಾರ್ಯಕ್ರಮ ಗೊತ್ತಿರೋ ಒಬ್ಬೊಬ್ಬರಾದ್ರೂ ಇರ್ಬೇಕು.

ದುಡ್ಡಿನ ಮೂಲ ಒಂದೇ ಇದ್ರೆ ಏನಾಗತ್ತೆ ಅಂತ 2025ರಲ್ಲಿ ಎಲ್ರೂ ನೋಡಿದ್ವಿ. ಅಮೆರಿಕ ಜನವರಿಯಲ್ಲಿ ವಿದೇಶಿ ನೆರವು ನಿಲ್ಲಿಸಿದಾಗ ಅದರ ನೆರವು ಸಂಸ್ಥೆ ಯುಎಸ್‌ಏಡ್ ದುಡ್ಡಲ್ಲಿ ನಡೀತಿದ್ದ ಎಷ್ಟೋ ದೇಶಗಳ ಓದಿನ ಕಾರ್ಯಕ್ರಮಗಳು ವರ್ಷದ ಮಧ್ಯದಲ್ಲೇ ನಿಂತ್ವು. ಆದ್ರಿಂದ ಮೊದಲನೇ ವರ್ಷದಿಂದಾನೇ ಪುಸ್ತಕ ಪ್ರಿಂಟು ಮತ್ತೆ ಭೇಟಿ ಖರ್ಚು, ಈ ಎರಡು ಸರ್ಕಾರದ ಬಜೆಟಲ್ಲಿ ತಮ್ಮದೇ ಲೆಕ್ಕಶೀರ್ಷಿಕೆಯಲ್ಲಿ ಇರ್ಲಿ, ಮೊತ್ತ ಚಿಕ್ಕದಿದ್ರೂ ಪರವಾಗಿಲ್ಲ. ಹೊರಗಿನ ದುಡ್ಡನ್ನ ಕೈಪಿಡಿ ತಯಾರಿ, ಮೌಲ್ಯಮಾಪನ ಇಂಥ ಒಂದ್ಸಲದ ಖರ್ಚಿಗೆ ಬಳಸಿ.

ಸೊಬ್ರಾಲ್ ಇರೋ ಬ್ರೆಜಿಲ್‌ನ ಸಿಯಾರಾ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. 2007ರ ಕಾನೂನಿನ ಪ್ರಕಾರ ಊರಾಡಳಿತಗಳಿಗೆ ಹಂಚೋ ತೆರಿಗೆ ಪಾಲಲ್ಲಿ ಶೇ 18ನ್ನ ಶಿಕ್ಷಣದ ಫಲಿತಾಂಶ ನೋಡಿ ಕೊಡೋಕೆ ಶುರು ಮಾಡಿದ್ರು, ಆಗ ಮೇಯರ್‌ಗಳಿಗೇ ಎರಡನೇ ಕ್ಲಾಸ್ ಮಕ್ಕಳ ಓದು ತಲೆಬಿಸಿ ಆಯ್ತು. ಜೊತೆಗೆ ರಾಜ್ಯ ಸರ್ಕಾರ ಪುಸ್ತಕ, ಟ್ರೇನಿಂಗ್ ಎಲ್ಲ ಕೊಡ್ತು. ಚೆನ್ನಾಗಿ ಮಾಡಿದ ಶಾಲೆಗೆ ಬಹುಮಾನ, ಆದ್ರೆ ಪೂರ್ತಿ ಅಲ್ಲ, ಹಿಂದೆ ಬಿದ್ದಿರೋ ಇನ್ನೊಂದು ಶಾಲೆಗೆ ಸಹಾಯ ಮಾಡಿದ್ಮೇಲೆ ಉಳಿದ ಕಂತು. ನನಗೆ ತುಂಬಾ ಇಷ್ಟವಾದ ನಿಯಮ ಇದು. ಸಹಾಯ ಕೊಡದೇ ಬರೀ ಫಲಿತಾಂಶಕ್ಕೆ ದುಡ್ಡು ಕಟ್ಟಿದ್ರೆ ಮಾತ್ರ ಅಂಕ ತಿದ್ದೋ ಕೆಲಸ ಶುರುವಾಗತ್ತೆ.

ಅಪ್ಪ ಅಮ್ಮಂದಿರ ವಿಷಯದಲ್ಲಿ ಒಂದೇ ಮಾತು. ಲೈಬೀರಿಯಾದಲ್ಲಿ ಮಕ್ಕಳ ಓದಿನ ಮಟ್ಟದ ಕಾರ್ಡ್ ಮನೆಗೆ ಕಳಿಸಿದ್ದರಿಂದ ಮಾತ್ರ ಹೆಚ್ಚೇನೂ ಆಗ್ಲಿಲ್ಲ, ಟೀಚರ್‌ಗೆ ಬೆಂಬಲ ಕೊಟ್ಟ ಕಡೆನೇ ಓದು ಏರಿದ್ದು. ಬೋಟ್ಸ್‌ವಾನಾದಲ್ಲಿ 2020ರಲ್ಲಿ ಶಾಲೆ ಮುಚ್ಚಿದ್ದಾಗ ವಾರಕ್ಕೊಂದು ಫೋನ್ ಮಾಡಿ ಇಪ್ಪತ್ತು ನಿಮಿಷ ಮಗು ಮತ್ತೆ ಪೋಷಕರ ಜೊತೆ ಲೆಕ್ಕ ಮಾಡಿಸಿದಾಗ ಕಲಿಕೆ ಸುಧಾರಿಸ್ತು, ಬರೀ ಮೆಸೇಜ್ ಕಳಿಸಿದ ಕಡೆ ಅಷ್ಟು ಆಗ್ಲಿಲ್ಲ. ಅಂದ್ರೆ ಪೋಷಕರಿಗೆ ಸುದ್ದಿ ಮುಟ್ಟಿಸಿದ್ರೆ ಸಾಲದು, ಮಾಡೋಕೆ ಒಂದು ಚಿಕ್ಕ ಕೆಲಸ ಕೊಡಿ.

ಕಾರ್ಯಕ್ರಮನ ಹೆಚ್ಚು ಶಾಲೆಗಳಿಗೆ ಹಿಗ್ಗಿಸೋ ಮುಂಚೆ ಎರಡನೇ ವರ್ಷದ ಕೊನೇಲಿ ಆ ಶಾಲೆಗಳಿಗೆ ಸಂಬಂಧ ಇಲ್ಲದೋರಿಂದ ಮತ್ತೆ ಅದೇ ಬಾಯಿ ಪರೀಕ್ಷೆ ಮಾಡಿಸಿ. ಸರಾಸರಿ ಎಷ್ಟು ಏರ್ತು ಅಂತ ಮಾತ್ರ ನೋಡ್ಬೇಡಿ, ಒಂದಕ್ಷರನೂ ಓದೋಕೆ ಬರದ ಮಕ್ಕಳ ಸಂಖ್ಯೆ ಎಷ್ಟು ಇಳೀತು ಅಂತ ಬೇರೆ ನೋಡಿ, ಯಾಕಂದ್ರೆ ಮುಂದಿರೋ ಮಕ್ಕಳು ಇನ್ನೂ ಮುಂದೆ ಹೋಗಿನೂ ಸರಾಸರಿ ಏರತ್ತೆ. ಶಾಲೆ ಕೊಟ್ಟ ಅಂಕಿಗೂ ಹೊರಗಿನೋರು ಕಂಡ ಅಂಕಿಗೂ ದೊಡ್ಡ ಅಂತರ ಬಂದ್ರೆ ಟೀಚರ್‌ಗೆ ನೋಟಿಸ್ ಕೊಡೋಕೆ ಹೋಗ್ಬೇಡಿ, ಒಂದ್ಸಲ ನೋಟಿಸ್ ಹೋಯ್ತು ಅಂದ್ರೆ ಮುಂದೆ ಯಾವ ಶಾಲೆಯಿಂದಲೂ ನಿಜವಾದ ಅಂಕಿ ಬರಲ್ಲ. ಆ ಶಾಲೆಗೆ ಮುಂದಿನ ಮೂರು ತಿಂಗಳು ಭೇಟಿ ಹೆಚ್ಚಿಸಿ, ಅಧಿಕಾರಿನೂ ಟೀಚರೂ ಒಟ್ಟಿಗೆ ಕೂತು ಎಲ್ಲಾ ಮಕ್ಕಳನ್ನ ಓದಿಸಿ ಪಟ್ಟಿ ಹೊಸದಾಗಿ ಮಾಡ್ಲಿ.